ಗುಂಪು ಮಡಚಿದರೆ ಲಿಂಕ್ ಎಲ್ಲಿಗೆ ಹೋಗುತ್ತದೆ? ನೋಡ್ ಚಿತ್ರ ಬರೆಯುವವರಿಗೆ ಹಂತ ಹಂತದ ಮಾರ್ಗದರ್ಶಿ

"ಗುಂಪನ್ನು ಮಡಚಿದೆ, ಅರ್ಧ ಗೆರೆಗಳು ಕಾಣ್ತಿಲ್ಲ." "ಮತ್ತೆ ಬಿಚ್ಚಿದರೆ ಒಂದು ಗೆರೆ ನೋಡ್ ಬಿಟ್ಟು ಗುಂಪಿನ ಅಂಚಿಗೆ ಅಂಟಿಕೊಂಡಿದೆ." "ಎರಡು ಡಬ್ಬಿಗಳ ನಡುವೆ ಗೆರೆ ಮೇಲೆ ಗೆರೆ ಬಿದ್ದಿವೆ, ಎಷ್ಟಿವೆ ಅಂತಾನೇ ಗೊತ್ತಾಗ್ತಿಲ್ಲ."

ಗುಂಪಿನೊಳಗೆ ಗುಂಪು ಇರುವ ನೋಡ್ ಚಿತ್ರ ಬರೆಯುವವರು ಕಳಿಸುವ ಪ್ರಶ್ನೆಗಳಲ್ಲಿ ಜಾಸ್ತಿ ಈ ಮೂರೇ. ಬೆಂಗಳೂರಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ಯಾವ ಸರ್ವಿಸ್ ಯಾವುದನ್ನು ಕರೆಯುತ್ತದೆ ಅಂತ ಚಿತ್ರ ಮಾಡುವವರು, ಕೊನೆಯ ವರ್ಷದ ಪ್ರಾಜೆಕ್ಟ್ ಹಿಡಿದಿರುವ ವಿದ್ಯಾರ್ಥಿಗಳು, ಟೆಕ್ನಿಕಲ್ ಡಾಕ್ಯುಮೆಂಟ್ ಬರೆಯುವವರು, ಎಲ್ಲರೂ ಕೇಳುವುದು ಇದನ್ನೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಇಲ್ಲಿ ಮೊದಲಿನಿಂದ ಹೇಳುತ್ತೇನೆ. ಮೂರು ತೊಂದರೆಗೂ ಬೇರು ಒಂದೇ ಕಡೆ ಇದೆ. ಡೇಟಾದಲ್ಲಿರುವ ಲಿಂಕ್ ಬೇರೆ, ತೆರೆಯ ಮೇಲೆ ಕಾಣುವ ಗೆರೆ ಬೇರೆ. ಎರಡನ್ನೂ ಒಂದೇ ಅಂದುಕೊಂಡರೆ ಎಲ್ಲಾ ಎಡವಟ್ಟು ಅಲ್ಲಿಂದಲೇ ಶುರು.

ಮೊದಲು ಮಾತು ಹೊಂದಿಸಿಕೊಳ್ಳೋಣ

ನೋಡ್ ಅಂದರೆ ಚಿತ್ರದಲ್ಲಿನ ಒಂದು ಡಬ್ಬಿ ಅಥವಾ ಚುಕ್ಕಿ. ಒಳಗೆ ಬೇರೆ ನೋಡ್‌ಗಳನ್ನು ಇಟ್ಟುಕೊಂಡ ನೋಡ್ ಗುಂಪು. ಒಂದೊಂದು ಟೂಲ್ ಇದಕ್ಕೆ ಒಂದೊಂದು ಹೆಸರು ಕೊಟ್ಟಿದೆ: ಕಾಂಪೌಂಡ್ ನೋಡ್, ಕ್ಲಸ್ಟರ್, ಸಬ್‌ಗ್ರಾಫ್, ಕಾಂಬೊ. ಎಲ್ಲಾ ಒಂದೇ ವಸ್ತು. ಗುಂಪಿನ ಒಳಗಿರುವುದನ್ನು ಮುಚ್ಚಿ ಬರೀ ಒಂದು ಡಬ್ಬಿಯಾಗಿ ತೋರಿಸುವುದಕ್ಕೆ ಮಡಚುವುದು ಅನ್ನುತ್ತೇನೆ, ಟೂಲ್‌ಗಳಲ್ಲಿ ಇದು ಕೊಲ್ಯಾಪ್ಸ್. ಅದರ ಉಲ್ಟಾ ಬಿಚ್ಚುವುದು, ಅಂದರೆ ಎಕ್ಸ್‌ಪ್ಯಾಂಡ್.

ಇನ್ನೆರಡು ಪದಗಳನ್ನು ಈ ಲೇಖನದ ಉದ್ದಕ್ಕೂ ಕಟ್ಟುನಿಟ್ಟಾಗಿ ಬಳಸುತ್ತೇನೆ. ಲಿಂಕ್ ಅಂದರೆ ನಿಮ್ಮ ಡೇಟಾದಲ್ಲಿ ಬರೆದಿಟ್ಟ ಸಂಬಂಧ. ಗೆರೆ ಅಂದರೆ ಈ ಕ್ಷಣ ತೆರೆಯ ಮೇಲೆ ಕಾಣುವುದು. ಒಂದು ಲಿಂಕಿಗೆ ಒಂದು ಗೆರೆ ಇರಬಹುದು, ಗೆರೆಯೇ ಇಲ್ಲದಿರಬಹುದು, ಹತ್ತು ಲಿಂಕಿಗೆ ಸೇರಿ ಒಂದೇ ಗೆರೆಯೂ ಇರಬಹುದು.

ಅಪಾರ್ಟ್‌ಮೆಂಟಿನ ಡೆಲಿವರಿ ನೆನಪಿಸಿಕೊಳ್ಳಿ. ಒಳಗೆ ಬಿಡದಿದ್ದರೆ ಡೆಲಿವರಿ ಹುಡುಗ ಗೇಟಿನಲ್ಲಿ ಸೆಕ್ಯುರಿಟಿಯವರ ಕೈಗೆ ಕೊಟ್ಟು ಹೋಗುತ್ತಾನೆ. ಹಾಗಂತ ಪಾರ್ಸೆಲ್ ಮೇಲಿನ ಫ್ಲ್ಯಾಟ್ ನಂಬರ್ ಅಳಿಸಿ "ಗೇಟ್" ಅಂತ ಬರೆಯುವುದಿಲ್ಲ, ಅಲ್ವಾ? ಮಡಚಿದ ಗುಂಪು ಆ ಗೇಟ್. ಲಿಂಕಿನ ವಿಳಾಸ ಯಾವತ್ತೂ ಫ್ಲ್ಯಾಟ್ ನಂಬರೇ.

ಏನೇನು ಬೇಕು

ಒಂದು ಸ್ಪ್ರೆಡ್‌ಶೀಟ್ ಸಾಕು. ಕೋಡ್ ಬರೆಯದವರೂ 6ನೇ ಹಂತದವರೆಗೆ ಕಾಗದದ ಮೇಲೆ ಮಾಡಿ ನೋಡಬಹುದು. ಉದಾಹರಣೆಗೆ ನಮ್ಮ ಮೆಟ್ರೊವನ್ನೇ ತೆಗೆದುಕೊಳ್ಳುತ್ತೇನೆ. ಎಲ್ಲಾ ನಿಲ್ದಾಣ ಬೇಡ, ಕೆಲವು ಸಾಕು.

ಮೆಟ್ರೊ ಅನ್ನುವುದು ಹೊರಗಿನ ಗುಂಪು. ಅದರೊಳಗೆ ಮೂರು ಗುಂಪು: ನೇರಳೆ, ಹಸಿರು, ಹಳದಿ. ನೇರಳೆಯಲ್ಲಿ ಸಿಟಿ ರೈಲು ನಿಲ್ದಾಣ, ಮೆಜೆಸ್ಟಿಕ್, ಎಂ.ಜಿ. ರಸ್ತೆ, ಕೆ.ಆರ್. ಪುರ, ವೈಟ್‌ಫೀಲ್ಡ್. ಹಸಿರಿನಲ್ಲಿ ಯಶವಂತಪುರ, ಮೆಜೆಸ್ಟಿಕ್, ಆರ್.ವಿ. ರಸ್ತೆ, ಬನಶಂಕರಿ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿಯಲ್ಲಿ ಆರ್.ವಿ. ರಸ್ತೆ, ಸಿಲ್ಕ್ ಬೋರ್ಡ್, ಬೊಮ್ಮಸಂದ್ರ. ಪಕ್ಕದಲ್ಲಿ ರೈಲ್ವೆ ಅನ್ನುವ ಇನ್ನೊಂದು ಗುಂಪು: ಕೆಎಸ್‌ಆರ್ ಬೆಂಗಳೂರು, ಯಶವಂತಪುರ, ಕೃಷ್ಣರಾಜಪುರಂ, ವೈಟ್‌ಫೀಲ್ಡ್.

ಹಂತ 1. ಎರಡು ಪಟ್ಟಿ ಮಾಡಿ, ಎರಡನ್ನೂ ಬೇರೆ ಇಡಿ

ಮೊದಲ ಪಟ್ಟಿಯಲ್ಲಿ ಪ್ರತಿ ನೋಡ್‌ಗೆ ಒಂದು ಸಾಲು, ಪಕ್ಕದ ಕಾಲಂನಲ್ಲಿ ಅದು ಯಾವ ಗುಂಪಿನೊಳಗಿದೆ ಅನ್ನುವುದು. ಎಂ.ಜಿ. ರಸ್ತೆ ಎದುರಿಗೆ ನೇರಳೆ. ನೇರಳೆ ಎದುರಿಗೆ ಮೆಟ್ರೊ. ಮೆಟ್ರೊ ಎದುರಿಗೆ ಖಾಲಿ.

ಎರಡನೇ ಪಟ್ಟಿ ಲಿಂಕ್‌ಗಳದ್ದು. ಎಲ್ಲಿಂದ, ಎಲ್ಲಿಗೆ, ಯಾವ ಬಗೆ. ನಮ್ಮ ಉದಾಹರಣೆಯಲ್ಲಿ ನೇರಳೆ ಒಳಗೆ 4 ಲಿಂಕ್, ಹಸಿರಿನೊಳಗೆ 3, ಹಳದಿಯೊಳಗೆ 2, ರೈಲ್ವೆ ಒಳಗೆ 3. ಮಾರ್ಗ ಬದಲಾಯಿಸುವ ಲಿಂಕ್ 2: ಮೆಜೆಸ್ಟಿಕ್‌ನಲ್ಲಿ ನೇರಳೆ–ಹಸಿರು, ಆರ್.ವಿ. ರಸ್ತೆಯಲ್ಲಿ ಹಸಿರು–ಹಳದಿ. ಮೆಟ್ರೊದಿಂದ ರೈಲಿಗೆ ನಡೆದು ಹೋಗುವ ಲಿಂಕ್ 4: ಸಿಟಿ ರೈಲು ನಿಲ್ದಾಣ, ಕೆ.ಆರ್. ಪುರ, ವೈಟ್‌ಫೀಲ್ಡ್, ಯಶವಂತಪುರ. ಒಟ್ಟು 18. ಈ ಸಂಖ್ಯೆ ನೆನಪಿಡಿ, ಮುಂದೆ ಲೆಕ್ಕ ಪರೀಕ್ಷಿಸಲು ಬೇಕಾಗುತ್ತದೆ.

ಜೊತೆಗೆ ಮೂರನೆಯದೊಂದು ಚಿಕ್ಕ ಪಟ್ಟಿ: ಈಗ ಯಾವ ಯಾವ ಗುಂಪು ಮಡಚಿದೆ. ಬಳಕೆದಾರ ಗುಂಡಿ ಒತ್ತಿದಾಗ ಬದಲಾಗಬೇಕಾದದ್ದು ಈ ಪಟ್ಟಿ ಮಾತ್ರ. ಮೊದಲೆರಡನ್ನು ಮುಟ್ಟಲೇಬೇಡಿ.

ಹಂತ 2. ಒಂದು ನೋಡ್‌ಗೆ ಒಂದೇ ಗುಂಪು

ಮೆಜೆಸ್ಟಿಕ್ ನೇರಳೆಯಲ್ಲೂ ಇದೆ, ಹಸಿರಿನಲ್ಲೂ ಇದೆ. ಯಾವುದಕ್ಕೆ ಹಾಕುವುದು? ಇಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಗುಂಪಿನೊಳಗೆ ಗುಂಪು ಅನ್ನುವ ರಚನೆ ಮರದ್ದು, ಕವಲುಗಳು ಮತ್ತೆ ಕೂಡುವುದಿಲ್ಲ. ಎರಡು ಗುಂಪಿಗೆ ಒಂದೇ ನೋಡ್ ಸೇರಿಸಿದರೆ, ನೇರಳೆ ಮಡಚಿ ಹಸಿರು ಬಿಚ್ಚಿದಾಗ ಮೆಜೆಸ್ಟಿಕ್ ಕಾಣಬೇಕೋ ಬೇಡವೋ ಅನ್ನುವುದಕ್ಕೆ ಉತ್ತರವೇ ಇಲ್ಲ. 1988ರಲ್ಲಿ ಡೇವಿಡ್ ಹರೆಲ್ ಹೈಗ್ರಾಫ್ ಅನ್ನುವ ಬಗೆಯ ಚಿತ್ರವನ್ನು ಮುಂದಿಟ್ಟಾಗ ಅದರಲ್ಲಿ ಗುಂಪುಗಳು ಒಂದರ ಮೇಲೊಂದು ಚಾಚಿಕೊಳ್ಳಲು ಜಾಗವಿತ್ತು. ಆದರೆ ಇವತ್ತು ನೀವು ಬಳಸುವ ಹೆಚ್ಚಿನ ಟೂಲ್‌ಗಳು ಒಂದು ನೋಡ್‌ಗೆ ಒಂದೇ ಪೇರೆಂಟ್, ಅಂದರೆ ಒಂದೇ ಹೊರಗಿನ ಗುಂಪು, ಒಪ್ಪುತ್ತವೆ.

ಪರಿಹಾರ ಸುಲಭ. ನೋಡನ್ನು ಎರಡು ಮಾಡಿ: ಮೆಜೆಸ್ಟಿಕ್ ನೇರಳೆ, ಮೆಜೆಸ್ಟಿಕ್ ಹಸಿರು. ನಡುವೆ "ಬದಲಾವಣೆ" ಅನ್ನುವ ಬಗೆಯ ಒಂದು ಲಿಂಕ್. ನಿಜಕ್ಕೂ ಅಲ್ಲಿ ಪ್ಲ್ಯಾಟ್‌ಫಾರ್ಮ್‌ಗಳು ಬೇರೆ ಬೇರೆ ಮಟ್ಟದಲ್ಲಿವೆ, ಎಸ್ಕಲೇಟರ್ ಹತ್ತಿ ಇಳಿಯಲೇಬೇಕು. ಹಾಗಾಗಿ ಇದು ಸುಳ್ಳು ಚಿತ್ರವೇನೂ ಅಲ್ಲ. ಸಾಫ್ಟ್‌ವೇರ್ ಚಿತ್ರಗಳಲ್ಲಿ ಇದೇ ಸಮಸ್ಯೆ ಎರಡು ತಂಡ ಹಂಚಿಕೊಂಡ ಡೇಟಾಬೇಸಿನ ರೂಪದಲ್ಲಿ ಬರುತ್ತದೆ. ಅದನ್ನು ಎರಡು ಮಾಡಬೇಡಿ, ಇರುವುದು ಒಂದೇ ಆದ್ದರಿಂದ ಯಾವ ಗುಂಪಿಗೂ ಸೇರಿಸದೆ ಹೊರಗಿಡಿ.

ಹಂತ 3. ಪ್ರತಿ ನೋಡ್‌ಗೆ ಪ್ರತಿನಿಧಿ ಹುಡುಕಿ

ಈ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಒಂದು ನೋಡ್ ಕಾಣದಿದ್ದಾಗ ಅದರ ಪರವಾಗಿ ತೆರೆಯ ಮೇಲೆ ನಿಲ್ಲುವ ಡಬ್ಬಿಯೇ ಅದರ ಪ್ರತಿನಿಧಿ. ಹುಡುಕುವುದು ಹೀಗೆ: ನೋಡ್‌ನಿಂದ ಶುರು ಮಾಡಿ, ಗುಂಪು, ಅದರ ಹೊರಗಿನ ಗುಂಪು, ಹೀಗೆ ತುದಿಯವರೆಗೆ ಹತ್ತಿ. ದಾರಿಯಲ್ಲಿ ಸಿಕ್ಕ ಮಡಚಿದ ಗುಂಪುಗಳಲ್ಲಿ ಎಲ್ಲಕ್ಕಿಂತ ಹೊರಗಿನದು ಯಾವುದೋ ಅದೇ ಪ್ರತಿನಿಧಿ. ಒಂದೂ ಮಡಚಿಲ್ಲದಿದ್ದರೆ ನೋಡ್ ತನಗೆ ತಾನೇ ಪ್ರತಿನಿಧಿ.

ಎಚ್ಚರಿಕೆ: ಮೊದಲು ಸಿಕ್ಕ ಮಡಚಿದ ಗುಂಪಿಗೇ ನಿಲ್ಲಬೇಡಿ. ನೇರಳೆಯನ್ನು ಮಡಚಿದಿರಿ, ಆಮೇಲೆ ಇಡೀ ಮೆಟ್ರೊವನ್ನೂ ಮಡಚಿದಿರಿ ಅನ್ನಿ. ವೈಟ್‌ಫೀಲ್ಡ್‌ನಿಂದ ಹತ್ತಿದರೆ ಮೊದಲು ನೇರಳೆ ಸಿಗುತ್ತದೆ. ಅಲ್ಲೇ ನಿಂತರೆ ಗೆರೆಯನ್ನು ನೇರಳೆಗೆ ಕಟ್ಟುತ್ತೀರಿ. ಆದರೆ ನೇರಳೆಯೇ ಈಗ ಮೆಟ್ರೊ ಒಳಗೆ ಮುಚ್ಚಿಹೋಗಿದೆ. ಗೆರೆ ಎಲ್ಲೋ ಗಾಳಿಯಲ್ಲಿ ತೇಲುತ್ತದೆ, ಇಲ್ಲವೇ ಟೂಲ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಒಂದೇ ಮಟ್ಟದ ಗುಂಪು ಇಟ್ಟುಕೊಂಡು ಪರೀಕ್ಷೆ ಮಾಡಿದರೆ ಈ ತಪ್ಪು ಕಾಣುವುದೇ ಇಲ್ಲ. ಕನಿಷ್ಠ ಎರಡು ಮಟ್ಟ ಇಟ್ಟು ನೋಡಿ.

ಕೋಡ್ ಬರೆಯುವವರಿಗೆ: ಪ್ರತಿ ಲಿಂಕಿಗೂ ಕೆಳಗಿನಿಂದ ಹತ್ತುವ ಬದಲು, ಮರದ ತುದಿಯಿಂದ ಒಮ್ಮೆ ಇಳಿಯುತ್ತಾ ಎಲ್ಲಾ ನೋಡ್‌ಗಳ ಪ್ರತಿನಿಧಿಯನ್ನು ಬರೆದಿಟ್ಟುಕೊಳ್ಳಿ. ಮಡಚಿದ ಗುಂಪು ಸಿಕ್ಕ ಕೂಡಲೇ ಅದರ ಕೆಳಗಿನ ಎಲ್ಲದಕ್ಕೂ ಅದೇ ಹೆಸರು. ಹೊರಗಿನದನ್ನೇ ಮೊದಲು ನೋಡುವುದರಿಂದ ಮೇಲಿನ ತಪ್ಪು ಆಗಲು ಸಾಧ್ಯವೇ ಇಲ್ಲ.

ಹಂತ 4. ಲಿಂಕ್ ಒಂದೊಂದಾಗಿ ತೆಗೆದು ತೀರ್ಮಾನಿಸಿ

ಲಿಂಕಿನ ಎರಡೂ ತುದಿಯ ಪ್ರತಿನಿಧಿ ನೋಡಿ. ಎರಡೂ ಒಂದೇ ಡಬ್ಬಿಯಾದರೆ ಆ ಲಿಂಕ್ ಪೂರ್ತಿ ಗುಂಪಿನೊಳಗಿದೆ, ಗೆರೆ ಬೇಡ. ಬೇರೆ ಬೇರೆಯಾದರೆ ಆ ಎರಡು ಡಬ್ಬಿಗಳ ನಡುವೆ ಗೆರೆ. ಅಷ್ಟೇ ನಿಯಮ.

ನೇರಳೆಯೊಂದನ್ನೇ ಮಡಚಿ ನೋಡಿ. ಒಳಗಿನ 4 ಲಿಂಕ್‌ಗಳ ಗೆರೆ ಹೋಯಿತು. ಮೆಜೆಸ್ಟಿಕ್ ಬದಲಾವಣೆಯ ಲಿಂಕ್ ಈಗ ನೇರಳೆ ಡಬ್ಬಿಯಿಂದ ಮೆಜೆಸ್ಟಿಕ್ ಹಸಿರಿಗೆ. ರೈಲಿಗೆ ಹೋಗುವ ಮೂರು ಲಿಂಕ್‌ಗಳು ನೇರಳೆ ಡಬ್ಬಿಯಿಂದ ಮೂರು ರೈಲು ನಿಲ್ದಾಣಗಳಿಗೆ. "ಅರ್ಧ ಗೆರೆಗಳು ಕಾಣ್ತಿಲ್ಲ" ಅನ್ನುವವರು ಮೊದಲು ಇದನ್ನು ಪರೀಕ್ಷಿಸಿ: ಹೋಗಿರುವುದು ಒಳಗಿನ ಗೆರೆಗಳು ಮಾತ್ರವಾದರೆ ಎಲ್ಲಾ ಸರಿಯಾಗಿದೆ. ಹೊರಗೆ ಹೋಗುವ ಗೆರೆಯೂ ಮಾಯವಾಗಿದ್ದರೆ ನಿಮ್ಮ ಟೂಲ್ ಗೆರೆಯನ್ನು ಪ್ರತಿನಿಧಿಗೆ ಏರಿಸುತ್ತಿಲ್ಲ, ಸುಮ್ನೆ ನೋಡ್ ಜೊತೆಗೆ ಅಳಿಸುತ್ತಿದೆ.

ಎರಡು ವಿಚಿತ್ರ ಸಂದರ್ಭಗಳಿವೆ. ಒಂದು, ಲಿಂಕಿನ ತುದಿ ಡೇಟಾದಲ್ಲೇ ಗುಂಪು ಆಗಿರುವುದು. "ಕಂಟ್ರೋಲ್ ರೂಮ್–ಮೆಟ್ರೊ" ಅನ್ನುವ ಲಿಂಕ್ ಇಡೀ ಮೆಟ್ರೊಗೆ ಸೇರಿದ್ದು, ಯಾವುದೋ ನಿಲ್ದಾಣದ್ದಲ್ಲ. ಮೆಟ್ರೊ ಬಿಚ್ಚಿದರೂ ಮಡಚಿದರೂ ಅದು ಮೆಟ್ರೊ ಅಂಚಿಗೇ ಇರಬೇಕು. ಆದರೆ ಮೆಟ್ರೊ ಮಡಚಿದಾಗ ಒಳಗಿನಿಂದ ಏರಿ ಬಂದ ಗೆರೆಗಳೂ ಅದೇ ಅಂಚಿಗೆ ಬರುತ್ತವೆ. ನೋಡುವವನಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಏರಿ ಬಂದ ಗೆರೆಯನ್ನು ತುಂಡು ತುಂಡಾಗಿ ಬರೆಯಿರಿ, ಮೂಲದ್ದನ್ನು ಗಟ್ಟಿ ಗೆರೆಯಾಗಿ. ಇಷ್ಟು ಮಾಡಿದರೆ ಓದುಗರ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಎರಡು, ತನ್ನಿಂದ ತನಗೇ ಹೋಗುವ ಲಿಂಕ್. ತಾನೇ ತನ್ನನ್ನು ಮತ್ತೆ ಕರೆಯುವ ಸರ್ವಿಸ್ ಹೀಗಿರುತ್ತದೆ. ಡೇಟಾದಲ್ಲೇ ಹಾಗಿದ್ದು ಆ ನೋಡ್ ಕಾಣುತ್ತಿದ್ದರೆ ಬಳೆಯಾಕಾರದ ಗೆರೆ ಇರಲಿ. ಮಡಚಿದ್ದರಿಂದ ಹುಟ್ಟಿದ ಬಳೆ ಬೇಡ. ಮಡಚಿದ ಪ್ರತಿ ಡಬ್ಬಿಗೂ ಒಂದು ಬಳೆ ಅಂಟಿಸಿ "ಒಳಗೂ ಲಿಂಕ್‌ಗಳಿವೆ" ಅಂತ ತೋರಿಸುವ ಚಿತ್ರಗಳಿವೆ, ನನಗೆ ಅದು ಬರೀ ಕಸ ಅನ್ನಿಸುತ್ತದೆ. ಡಬ್ಬಿಯ ಮೂಲೆಯಲ್ಲಿ ಒಂದು ಸಂಖ್ಯೆ ಬರೆದರೆ ಸಾಕು.

ಇನ್ನೊಂದು ಮಾತು. ಮಡಚುವುದು ಬೇರೆ, ಅಡಗಿಸುವುದು ಬೇರೆ. "ಹಳದಿ ಮಾರ್ಗ ತೋರಿಸಬೇಡ" ಅಂತ ಫಿಲ್ಟರ್ ಹಾಕಿದರೆ ಅದರ ಲಿಂಕ್‌ಗಳೂ ಹೋಗಬೇಕು, ಮೆಟ್ರೊ ಡಬ್ಬಿಗೆ ಏರಬಾರದು. ಎರಡನ್ನೂ ಒಂದೇ ಹಿಡನ್ ಅನ್ನುವ ಕಾಲಂನಲ್ಲಿ ಇಟ್ಟವರ ಚಿತ್ರ ಇಲ್ಲಿ ಕೆಡುತ್ತದೆ. ಎರಡು ಕಾಲಂ ಇಡಿ, ಫಿಲ್ಟರ್ ಮೊದಲು ನಡೆಸಿ, ಮಡಚುವ ಲೆಕ್ಕ ಆಮೇಲೆ.

ಹಂತ 5. ಜೋಡಿ ಗೆರೆಗಳನ್ನು ಒಂದು ಮಾಡಿ

ನೇರಳೆ ಜೊತೆಗೆ ರೈಲ್ವೆಯನ್ನೂ ಮಡಚಿ. ಈಗ ಎರಡು ಡಬ್ಬಿಗಳ ನಡುವೆ ಮೂರು ಗೆರೆ, ಒಂದರ ಮೇಲೊಂದು. ಇವನ್ನು ಒಂದು ಮಾಡಿ ಮೇಲೆ 3 ಅಂತ ಬರೆಯಬೇಕು. ಇಂಥ ಗೆರೆಗೆ ಮೆಟಾ ಎಡ್ಜ್ ಅನ್ನುತ್ತಾರೆ.

ಯಾವುದನ್ನು ಯಾವುದರ ಜೊತೆ ಸೇರಿಸಬಹುದು? ಎರಡೂ ಪ್ರತಿನಿಧಿ, ದಿಕ್ಕು, ಬಗೆ, ಈ ಮೂರೂ ಹೊಂದಿದರೆ ಮಾತ್ರ. ಹಳಿ ಮತ್ತು ಕಾಲುದಾರಿಯನ್ನು ಸೇರಿಸಿ "2" ಅಂತ ಬರೆದರೆ ಆ 2ಕ್ಕೆ ಅರ್ಥವಿಲ್ಲ. ದಿಕ್ಕೇ ಇಲ್ಲದ ಲಿಂಕ್ ಆದರೆ ಎರಡು ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಿಕೊಂಡು ಹೋಲಿಸಿ. ಇಲ್ಲದಿದ್ದರೆ ನೇರಳೆ–ರೈಲ್ವೆ ಒಂದು, ರೈಲ್ವೆ–ನೇರಳೆ ಇನ್ನೊಂದು ಅಂತ ಎರಡು ಗೆರೆ ಉಳಿಯುತ್ತವೆ.

ಲಿಂಕಿನ ಮೇಲೆ ಸಂಖ್ಯೆ ಇದ್ದರೆ ಇನ್ನೂ ಜೋಪಾನ. ಪ್ರಯಾಣಿಕರ ಸಂಖ್ಯೆಯನ್ನು ಕೂಡಬಹುದು. ನಡೆಯಲು ಬೇಕಾಗುವ ನಿಮಿಷಗಳನ್ನು ಕೂಡುವಂತಿಲ್ಲ, ಮೂರು ಕಡೆ ಐದೈದು ನಿಮಿಷ ಇದ್ದರೆ ಒಟ್ಟು ಹದಿನೈದು ಅನ್ನುವುದು ತಮಾಷೆ. ಅಲ್ಲಿ ಕಡಿಮೆ ಎಷ್ಟು, ಜಾಸ್ತಿ ಎಷ್ಟು ಅಂತ ಎರಡೂ ಬರೆಯಿರಿ. ಸರ್ವಿಸ್ ಚಿತ್ರದಲ್ಲಿ ನಿಮಿಷಕ್ಕೆ ಎಷ್ಟು ಕರೆ ಅನ್ನುವುದನ್ನು ಕೂಡಿ, ಉತ್ತರ ಬರಲು ಹಿಡಿಯುವ ಸಮಯದಲ್ಲಿ ಎಲ್ಲಕ್ಕಿಂತ ಕೆಟ್ಟದ್ದನ್ನು ತೋರಿಸಿ. ಸರಾಸರಿ ಬೇಡ. ನಿಧಾನವಾದ ಒಂದೇ ಒಂದು ಲಿಂಕ್ ಅದರಲ್ಲಿ ಮುಚ್ಚಿಹೋಗುತ್ತದೆ.

ಗೆರೆಯ ದಪ್ಪವನ್ನು ಎಣಿಕೆಗೆ ನೇರವಾಗಿ ಕಟ್ಟಬೇಡಿ. 40 ಲಿಂಕ್‌ನ ಗೆರೆ ಪಕ್ಕದ ಡಬ್ಬಿಯನ್ನೇ ನುಂಗುತ್ತದೆ. ಮೂರು ನಾಲ್ಕು ದಪ್ಪ ಮಾತ್ರ ಇಟ್ಟುಕೊಳ್ಳಿ. ಮತ್ತು ಪ್ರತಿ ಗೆರೆಯ ಹಿಂದೆ ಅದರಲ್ಲಿ ಸೇರಿದ ಮೂಲ ಲಿಂಕ್‌ಗಳ ಪಟ್ಟಿ ಇರಲೇಬೇಕು. ಗೆರೆ ಮೇಲೆ ಕ್ಲಿಕ್ ಮಾಡಿದವನಿಗೆ ಬೇಕಾದದ್ದು ಅದೇ.

ಬೆರೆಸುವುದಕ್ಕೂ ಕಟ್ಟು ಕಟ್ಟುವುದಕ್ಕೂ ವ್ಯತ್ಯಾಸವಿದೆ. 2006ರಲ್ಲಿ ಡ್ಯಾನಿ ಹೋಲ್ಟನ್ ತೋರಿಸಿಕೊಟ್ಟ ಎಡ್ಜ್ ಬಂಡ್ಲಿಂಗ್‌ನಲ್ಲಿ ಗೆರೆಗಳು ಗುಂಪಿನ ರಚನೆಯನ್ನು ಅನುಸರಿಸಿ ಬಾಗಿ ಒಟ್ಟಾಗಿ ಹರಿಯುತ್ತವೆ, ಆದರೆ ಪ್ರತಿ ಲಿಂಕಿಗೂ ತನ್ನ ಗೆರೆ ಇರುತ್ತದೆ. ಗುಂಪು ಬಿಚ್ಚಿಯೇ ಇದ್ದು ಗೆರೆ ಜಾಸ್ತಿ ಆದಾಗ ಅದು ಒಳ್ಳೆಯದು. ಮಡಚಿದಾಗ ಬೆರೆಸುವುದೇ ಸರಿ.

ಹಂತ 6. ಬಿಚ್ಚುವಾಗ ಹಳೆಯದನ್ನು ವಾಪಸ್ ಹಾಕಬೇಡಿ, ಮತ್ತೆ ಲೆಕ್ಕ ಮಾಡಿ

ಎರಡನೇ ಪ್ರಶ್ನೆ ನೆನಪಿದೆಯಾ? ಬಿಚ್ಚಿದ ಮೇಲೂ ಗೆರೆ ಗುಂಪಿನ ಅಂಚಿಗೇ ಅಂಟಿಕೊಳ್ಳುವುದು. ಅದು ಹೇಗಾಗುತ್ತದೆ ಅಂತ ಹತ್ತಿರದಿಂದ ನೋಡೋಣ. ಒಂದೇ ಲಿಂಕ್ ತೆಗೆದುಕೊಳ್ಳಿ: ಕೆ.ಆರ್. ಪುರ ಮೆಟ್ರೊದಿಂದ ಕೃಷ್ಣರಾಜಪುರಂ ರೈಲು ನಿಲ್ದಾಣಕ್ಕೆ.

ನಿಮ್ಮ ಕೋಡ್ ಲಿಂಕಿನ ತುದಿಯನ್ನೇ ತಿದ್ದುತ್ತದೆ, ಹಳೆಯದನ್ನು ಗುಂಪಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತದೆ ಅನ್ನಿ. ನೇರಳೆ ಮಡಚಿದಿರಿ. ಲಿಂಕ್ ಈಗ "ನೇರಳೆ–ಕೃಷ್ಣರಾಜಪುರಂ". ನೇರಳೆ ಜೇಬಿನಲ್ಲಿ "ಕೆ.ಆರ್. ಪುರ–ಕೃಷ್ಣರಾಜಪುರಂ". ಆಮೇಲೆ ರೈಲ್ವೆ ಮಡಚಿದಿರಿ. ಲಿಂಕ್ ಈಗ "ನೇರಳೆ–ರೈಲ್ವೆ". ರೈಲ್ವೆ ಜೇಬಿನಲ್ಲಿ "ನೇರಳೆ–ಕೃಷ್ಣರಾಜಪುರಂ".

ಈಗ ನೇರಳೆಯನ್ನು ಮೊದಲು ಬಿಚ್ಚಿ. ಜೇಬಿನಿಂದ "ಕೆ.ಆರ್. ಪುರ–ಕೃಷ್ಣರಾಜಪುರಂ" ಹೊರಬರುತ್ತದೆ. ಆದರೆ ಕೃಷ್ಣರಾಜಪುರಂ ಇನ್ನೂ ಮಡಚಿದ ರೈಲ್ವೆ ಒಳಗಿದೆ, ಗೆರೆ ಎಳೆಯಲು ಜಾಗವಿಲ್ಲ. ಸರಿ, ರೈಲ್ವೆಯನ್ನೂ ಬಿಚ್ಚೋಣ. ಅದರ ಜೇಬಿನಲ್ಲಿರುವುದು "ನೇರಳೆ–ಕೃಷ್ಣರಾಜಪುರಂ". ಅದನ್ನೇ ವಾಪಸ್ ಹಾಕಿತು. ಎರಡೂ ಗುಂಪು ಬಿಚ್ಚಿದ್ದರೂ ಗೆರೆ ಮಾತ್ರ ನೇರಳೆಯ ಅಂಚಿನಲ್ಲಿ ನಿಂತಿದೆ. ಮೂಲ ವಿಳಾಸ ಕಳೆದೇಹೋಯಿತು.

ಮಡಚಿದ್ದರ ಉಲ್ಟಾ ಕ್ರಮದಲ್ಲಿ ಬಿಚ್ಚಿದರೆ ಎಲ್ಲಾ ಸರಿಯಾಗೇ ಕಾಣುತ್ತದೆ. ಡೆಮೊ ತೋರಿಸುವಾಗ ಎಲ್ಲರೂ ಹಾಗೇ ಮಾಡುತ್ತಾರೆ, ಅದಕ್ಕೇ ಈ ದೋಷ ಬಳಕೆದಾರನ ಕೈಗೆ ಹೋಗುವವರೆಗೂ ಸಿಕ್ಕಿಬೀಳುವುದಿಲ್ಲ.

ಮದ್ದು ಸರಳ. ತುದಿ ತಿದ್ದಲೇಬೇಡಿ. ಮಡಚಿದ ಗುಂಪುಗಳ ಪಟ್ಟಿ ಬದಲಾದಾಗೆಲ್ಲ ಎಲ್ಲಾ ಗೆರೆ ಅಳಿಸಿ, 3ರಿಂದ 5ರವರೆಗಿನ ಹಂತಗಳನ್ನು ಮತ್ತೆ ಓಡಿಸಿ. "ಪ್ರತಿ ಸಲ ಎಲ್ಲಾ ಲೆಕ್ಕ ಮಾಡಿದರೆ ನಿಧಾನ ಆಗಲ್ವಾ?" ಅಂತ ಕೇಳಬಹುದು. ಕೆಲವು ಸಾವಿರ ಲಿಂಕ್‌ಗಳ ಲೆಕ್ಕ ಬ್ರೌಸರಿಗೆ ಏನೂ ಅಲ್ಲ. ಸಮಯ ತಿನ್ನುವುದು ಗೆರೆ ಬರೆಯುವುದು ಮತ್ತು ಲೇಔಟ್, ಅಂದರೆ ಯಾವ ಡಬ್ಬಿ ಎಲ್ಲಿ ಕೂರಬೇಕು ಅನ್ನುವ ಲೆಕ್ಕ.

ಇದರಿಂದ ಇನ್ನೊಂದು ಲಾಭ. ಮೆಟ್ರೊ ಮಡಚಿ ಬಿಚ್ಚಿದಾಗ, ಮೊದಲೇ ಮಡಚಿದ್ದ ನೇರಳೆ ಮಡಚಿದಂತೆಯೇ ಉಳಿಯುತ್ತದೆ. ಮೆಟ್ರೊ ಮಡಚಿರುವಾಗಲೇ ಡೇಟಾಗೆ ಹೊಸ ಹಳದಿ ಮಾರ್ಗ ಸೇರಿಸಿದರೂ ಏನೂ ತೊಂದರೆಯಿಲ್ಲ, ಬಿಚ್ಚಿದಾಗ ತಾನಾಗಿ ಬರುತ್ತದೆ.

ಲೆಕ್ಕ ಪರೀಕ್ಷೆಯೂ ಸುಲಭ. ಗೆರೆಗಳ ಮೇಲಿನ ಸಂಖ್ಯೆಗಳ ಮೊತ್ತಕ್ಕೆ ಒಳಗೆ ಮುಚ್ಚಿಹೋದ ಲಿಂಕ್‌ಗಳನ್ನು ಕೂಡಿದರೆ ಯಾವಾಗಲೂ 18 ಬರಬೇಕು. ನೇರಳೆ, ರೈಲ್ವೆ ಎರಡೂ ಮಡಚಿದಾಗ ಮುಚ್ಚಿದ್ದು 7, ಗೆರೆಗಳ ಮೇಲಿನ ಮೊತ್ತ 11. ಮೆಟ್ರೊ, ರೈಲ್ವೆ ಎರಡೂ ಮಡಚಿದರೆ ಮುಚ್ಚಿದ್ದು 14, ಉಳಿಯುವುದು 4 ಅಂತ ಬರೆದ ಒಂದೇ ಗೆರೆ. ಬೇರೆ ಸಂಖ್ಯೆ ಬಂದರೆ ಎಲ್ಲೋ ಲಿಂಕ್ ಕಳೆದಿದೆ ಅಥವಾ ಎರಡು ಸಲ ಎಣಿಸಿದೆ.

ಹಂತ 7. ಮಡಚಿದ ಚಿತ್ರ ಹೇಳುವ ಸುಳ್ಳನ್ನು ಗುರುತಿಸಿ

ಗೆರೆಗಳೆಲ್ಲ ಸರಿ ಇದ್ದರೂ ಚಿತ್ರ ದಾರಿ ತಪ್ಪಿಸಬಹುದು. ಒಂದು ಅಂಗಡಿಯ ಸಾಫ್ಟ್‌ವೇರ್ ಅಂದುಕೊಳ್ಳಿ. ಬಿಲ್ಲಿಂಗ್ ಗುಂಪಿನಲ್ಲಿ ರಸೀದಿ ಮತ್ತು ತೆರಿಗೆ. ಗೋಡೌನ್ ಗುಂಪಿನಲ್ಲಿ ಸ್ಟಾಕ್ ಮತ್ತು ಬೆಲೆ ಪಟ್ಟಿ. ರಸೀದಿಯು ಬೆಲೆ ಪಟ್ಟಿಯನ್ನು ಕರೆಯುತ್ತದೆ, ಸ್ಟಾಕ್ ತೆರಿಗೆಯನ್ನು ಕರೆಯುತ್ತದೆ. ಎಲ್ಲೂ ಸುತ್ತು ಇಲ್ಲ. ಎರಡೂ ಗುಂಪು ಮಡಚಿ. ಬಿಲ್ಲಿಂಗ್‌ನಿಂದ ಗೋಡೌನ್‌ಗೆ ಬಾಣ, ಗೋಡೌನ್‌ನಿಂದ ಬಿಲ್ಲಿಂಗ್‌ಗೆ ಬಾಣ. ಮೀಟಿಂಗ್‌ನಲ್ಲಿ ಯಾರಾದರೂ "ಅಯ್ಯೋ, ಸರ್ಕ್ಯುಲರ್ ಡಿಪೆಂಡೆನ್ಸಿ" ಅಂತ ಕೂಗುವುದು ಗ್ಯಾರಂಟಿ.

ಅದು ಸುಳ್ಳೋ ನಿಜವೋ ಅನ್ನುವುದು ನೀವು ಏನು ಕೇಳುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಒಂದು ಕರೆ ಸುತ್ತುತ್ತಾ ಸಿಕ್ಕಿಹಾಕಿಕೊಳ್ಳುತ್ತದಾ ಅಂದರೆ, ಇಲ್ಲ. ಆದರೆ ಬಿಲ್ಲಿಂಗ್ ಒಂದು ಪ್ಯಾಕೇಜ್, ಗೋಡೌನ್ ಇನ್ನೊಂದು, ಎರಡನ್ನೂ ಬೇರೆ ಬೇರೆ ಬಿಲ್ಡ್ ಮಾಡಬೇಕು ಅಂದರೆ ಸುತ್ತು ನಿಜವೇ. ಹಾಗಾಗಿ ಮಡಚಿದ ಚಿತ್ರದಲ್ಲಿ ಸುತ್ತು ಕಂಡರೆ ಮುಚ್ಚಿಡಬೇಡಿ, ಕೆಂಪು ಬಣ್ಣವನ್ನೂ ಬಳಿಯಬೇಡಿ. ಬಿಚ್ಚಿದ ಚಿತ್ರದಲ್ಲೂ ಅದು ಇದೆಯಾ ಅಂತ ಮೊದಲು ನೋಡಿ.

ಇದೇ ರೀತಿ ಸುಳ್ಳು ದಾರಿಗಳೂ ಹುಟ್ಟುತ್ತವೆ. ಒಂದು ಡಬ್ಬಿಗೆ ಎಡದಿಂದ ಗೆರೆ ಬಂತು, ಬಲದಿಂದ ಇನ್ನೊಂದು ಹೊರಟಿತು ಅಂದಮಾತ್ರಕ್ಕೆ ಒಳಗೆ ಎರಡಕ್ಕೂ ಸಂಪರ್ಕವಿದೆ ಅಂತಲ್ಲ. ದಾರಿ ಹುಡುಕುವ ಲೆಕ್ಕವನ್ನು ಯಾವಾಗಲೂ ಮೂಲ ಲಿಂಕ್‌ಗಳ ಮೇಲೆ ಮಾಡಿ, ತೆರೆಯ ಮೇಲಿನ ಗೆರೆಗಳ ಮೇಲಲ್ಲ.

ಹಂತ 8. ಡಬ್ಬಿಗಳು ಕುಣಿಯದಂತೆ ನೋಡಿಕೊಳ್ಳಿ

ಮಡಚಿದ ಕೂಡಲೇ ಇಡೀ ಚಿತ್ರದ ಲೇಔಟ್ ಮತ್ತೆ ಮಾಡಬೇಡಿ. ಬಳಕೆದಾರ ಎಲ್ಲಿದ್ದೇನೆ ಅನ್ನುವುದನ್ನೇ ಮರೆಯುತ್ತಾನೆ. ಮಡಚುವ ಗುಂಡಿ ಇರುವ ಮೂಲೆ ಇದ್ದಲ್ಲೇ ಇರಲಿ, ಮತ್ತೆ ಒತ್ತಿದರೆ ಅಲ್ಲೇ ಬಿಚ್ಚಿಕೊಳ್ಳಲಿ. ಅಕ್ಕಪಕ್ಕದವು ಬೇಕಾದಷ್ಟು ಮಾತ್ರ ಸರಿಯಲಿ.

ಬಾಣಗಳಿಗೆ ತಕ್ಕಂತೆ ನೋಡ್‌ಗಳನ್ನು ಸಾಲು ಸಾಲಾಗಿ ಜೋಡಿಸುವ ಲೇಔಟ್ 1981ರ ಸುಗಿಯಾಮ ವಿಧಾನದಿಂದ ಬಂದದ್ದು. ಅದು ಸುತ್ತು ಕಂಡರೆ ಕೆಲವು ಬಾಣಗಳನ್ನು ತಾತ್ಕಾಲಿಕವಾಗಿ ತಿರುಗಿಸಿಕೊಂಡು ಸಾಲು ಹಾಕುತ್ತದೆ. ಮಡಚಿದಾಗ ಹೊಸ ಸುತ್ತು ಹುಟ್ಟಿದರೆ ಮೇಲಿದ್ದ ಡಬ್ಬಿ ಕೆಳಗೆ ಬಂದುಬಿಡಬಹುದು. ಟೂಲ್ ಹಾಳಾಗಿಲ್ಲ, ಕಾರಣ ಇದು.

ಬಿಚ್ಚಿದ ಗುಂಪಿನ ಹಿನ್ನೆಲೆ ಬಣ್ಣ ಗೆರೆಯ ಮೇಲೆ ಬಂದರೂ ಗೆರೆ ಕಾಣುವುದಿಲ್ಲ. ಬ್ರೌಸರಿನಲ್ಲಿ ಚಿತ್ರ ಬರೆಯಲು ಬಳಸುವ ಎಸ್‌ವಿಜಿ ಫಾರ್ಮ್ಯಾಟಿನಲ್ಲಿ ಆಮೇಲೆ ಬರೆದದ್ದು ಮೇಲೆ ಕೂರುತ್ತದೆ. ಗುಂಪಿನ ಹಿನ್ನೆಲೆ ಮೊದಲು, ಗೆರೆ ಆಮೇಲೆ, ನೋಡ್ ಕೊನೆಗೆ. ಕೈಯಾರೆ ಬಾಗಿಸಿದ ಗೆರೆಯ ತಿರುವುಗಳನ್ನು ಮೂಲ ಲಿಂಕಿನ ಜೊತೆ ಕಾಪಾಡಿಕೊಳ್ಳಿ, ಏರಿ ಬಂದ ಗೆರೆಗೆ ಅವನ್ನು ಹಾಕಬೇಡಿ.

ಯಾವ ಟೂಲ್ ಎಷ್ಟು ಮಾಡುತ್ತದೆ

ಗ್ರಾಫ್‌ವಿಜ್‌ನಲ್ಲಿ ಗುಂಪಿನ ಹೆಸರು ಕ್ಲಸ್ಟರ್ ಅಂತ ಶುರುವಾಗಬೇಕು ಅಥವಾ (ಹೊಸ ಆವೃತ್ತಿಗಳಲ್ಲಿ) ಗುಂಪಿಗೆ ಕ್ಲಸ್ಟರ್ ಅನ್ನುವ ಆಯ್ಕೆ ಹಾಕಿರಬೇಕು, ಇಲ್ಲದಿದ್ದರೆ ಡಬ್ಬಿಯೇ ಬರುವುದಿಲ್ಲ. ಡಾಟ್ ಎಂಜಿನ್‌ನಲ್ಲಿ ಕಾಂಪೌಂಡ್ ಆಯ್ಕೆ ಹಾಕಿ ಎಲ್‌ಹೆಡ್, ಎಲ್‌ಟೇಲ್ ಕೊಟ್ಟರೆ ಗೆರೆ ಗುಂಪಿನ ಅಂಚಿಗೇ ನಿಲ್ಲುತ್ತದೆ. ಆದರೆ ಲಿಂಕ್ ಇನ್ನೂ ಎರಡು ನೋಡ್‌ಗಳ ನಡುವೆಯೇ, ತುದಿಯನ್ನು ಕತ್ತರಿಸಿ ತೋರಿಸುತ್ತದೆ ಅಷ್ಟೇ. ಮಡಚುವ ಸೌಲಭ್ಯ ಇಲ್ಲ, ಮಡಚಿದ ಚಿತ್ರ ಬೇಕಾದರೆ ನೀವೇ ಲೆಕ್ಕ ಮಾಡಿ ಹೊಸ ಫೈಲ್ ಕೊಡಬೇಕು.

ಸೈಟೊಸ್ಕೇಪ್ ಜೆಎಸ್‌ನಲ್ಲಿ ಪೇರೆಂಟ್ ಕಾಲಂ ಕೊಟ್ಟರೆ ಗುಂಪು ಆಗುತ್ತದೆ. ಗುಂಪಿನ ಅಳತೆ, ಜಾಗ ಎರಡನ್ನೂ ಒಳಗಿನ ನೋಡ್‌ಗಳೇ ತೀರ್ಮಾನಿಸುತ್ತವೆ. ಮಡಚಲು ಎಕ್ಸ್‌ಪ್ಯಾಂಡ್ ಕೊಲ್ಯಾಪ್ಸ್ ಅನ್ನುವ ಪ್ರತ್ಯೇಕ ಎಕ್ಸ್‌ಟೆನ್ಷನ್ ಬೇಕು. ಅದು ಹೊರಗೆ ಹೋಗುವ ಲಿಂಕ್‌ಗಳನ್ನು ಗುಂಪಿನ ಡಬ್ಬಿಗೆ ಏರಿಸುತ್ತದೆ (ಹೀಗೆ ಏರಿ ಬಂದ ಒಂದೊಂದು ಗೆರೆಗೂ ಅಲ್ಲಿ ಮೆಟಾ ಎಡ್ಜ್ ಅಂತಲೇ ಹೆಸರು), ಆದರೆ ಜೋಡಿ ಗೆರೆಗಳನ್ನು ಬೆರೆಸಲು ಬೇರೆ ಆಜ್ಞೆ ಕೊಡಬೇಕು. ಮೂರನೇ ಪ್ರಶ್ನೆ ಕೇಳುವವರಲ್ಲಿ ಬಹಳ ಜನ ಇದನ್ನೇ ಬಿಟ್ಟಿರುತ್ತಾರೆ.

ದುಡ್ಡು ಕೊಟ್ಟು ಕೊಳ್ಳುವ ಗೋಜೆಎಸ್ ಮತ್ತು ವೈಫೈಲ್ಸ್ ಎರಡೂ ಗೆರೆ ಏರಿಸುವ ಕೆಲಸವನ್ನು ತಾವೇ ಮಾಡುತ್ತವೆ. ವೈಫೈಲ್ಸ್‌ನಲ್ಲಿ ಇದಕ್ಕೆ ಫೋಲ್ಡಿಂಗ್ ಅಂತ ಹೆಸರು. ಮಾಸ್ಟರ್ ಗ್ರಾಫ್ ಬೇರೆ, ಕಾಣುವ ವ್ಯೂ ಬೇರೆ ಅಂತ ಇಡುವುದರಿಂದ 6ನೇ ಹಂತದ ತೊಂದರೆ ಅಲ್ಲಿ ಬರುವುದಿಲ್ಲ.

ರಿಯಾಕ್ಟ್ ಫ್ಲೋ ಬಳಸುವವರು ಗಮನಿಸಿ: ಗೆರೆ ಏರಿಸುವುದು, ಬೆರೆಸುವುದು ಎರಡೂ ನಿಮ್ಮದೇ ಕೆಲಸ. ಪಟ್ಟಿಯಲ್ಲಿ ಗುಂಪು ಮೊದಲು ಬರಬೇಕು, ಅದರ ಮಕ್ಕಳು, ಅಂದರೆ ಒಳಗಿನ ನೋಡ್‌ಗಳು, ಆಮೇಲೆ. ಮಕ್ಕಳ ಸ್ಥಾನ ಗುಂಪಿನ ಮೂಲೆಯಿಂದ ಅಳೆದದ್ದು. ಲೇಔಟ್‌ಗೆ ಇಎಲ್‌ಕೆ ಅನ್ನುವ ಲೈಬ್ರರಿ ಜೋಡಿಸಿದರೆ ಅದು ಗೆರೆಯ ತಿರುವುಗಳನ್ನೂ ಹಾಗೇ ಗೆರೆ ಸೇರಿದ ಗುಂಪಿನಿಂದ ಅಳೆಯುತ್ತದೆ, ಇಡೀ ಹಾಳೆಯಿಂದ ಅಲ್ಲ. ನೋಡ್ ಎಲ್ಲಾ ಸರಿಯಾಗಿದ್ದು ಗೆರೆ ಮಾತ್ರ ಅಷ್ಟು ದೂರ ಸರಿದು ಬಿದ್ದಿದ್ದರೆ ಕಾರಣ ಬಹುಪಾಲು ಇದೇ. ಗುಂಪಿನ ಅಂಚು ದಾಟುವ ಲಿಂಕ್‌ಗಳಿದ್ದರೆ ಒಳಗಿನ ಮಟ್ಟಗಳನ್ನೂ ಸೇರಿಸಿ ಒಟ್ಟಿಗೆ ಲೇಔಟ್ ಮಾಡುವ ಆಯ್ಕೆಯನ್ನು ಹಾಕಿಕೊಳ್ಳಿ.

ಮಡಚಿದ ಚಿತ್ರವನ್ನು ಪಿಡಿಎಫ್ ಮಾಡಿ ಕಳಿಸುವವರಿಗೆ ಇನ್ನೊಂದು ಕೆಲಸ ಇದೆ. ಕಾಗದದ ಮೇಲೆ ಯಾರೂ ಕ್ಲಿಕ್ ಮಾಡಲಾರರು. ಗೆರೆಯ ಮೇಲೆ ಮೌಸ್ ಇಟ್ಟರೆ ಮಾತ್ರ ಕಾಣುವ ಸಂಖ್ಯೆಗಳನ್ನು ಅಚ್ಚಿನಲ್ಲಿ ಕಾಣುವಂತೆ ಬರೆಯಿರಿ, ತುಂಡು ಗೆರೆ ಏನು, ಗಟ್ಟಿ ಗೆರೆ ಏನು ಅನ್ನುವ ಒಂದು ಚಿಕ್ಕ ಸೂಚಿಯನ್ನು ಮೂಲೆಯಲ್ಲಿ ಹಾಕಿ, ಯಾವ ಗುಂಪುಗಳನ್ನು ಮಡಚಿದ್ದೀರಿ ಅಂತ ಕೆಳಗೆ ಒಂದು ಸಾಲು ಸೇರಿಸಿ ಕಳಿಸಿ.